ಮನಸ್ಸೇ ಮೋಸ ಮಾಡಿದ ಮೇಲೆ: ಸೈಕೋಸಿಸ್ ಮತ್ತು ಬೆಳವಣಿಗೆಯ ಮಾತು

ಅಮೆರಿಕದಲ್ಲಿ ಹದಿನೇಳರ ಹುಡುಗಿಯೊಬ್ಬಳಿಗೆ ಸ್ಕಿಜೋಫ್ರೀನಿಯಾ ಎಂಬ ತೀವ್ರ ಮಾನಸಿಕ ಕಾಯಿಲೆ ಇದೆ ಎಂದು ವೈದ್ಯರು ಹೇಳಿದರು. ಆಸ್ಪತ್ರೆಯಿಂದ ಮನೆಗೆ ಬಂದವಳು ತಿಂಗಳುಗಟ್ಟಲೆ ಒಂದೇ ಕುರ್ಚಿಯಲ್ಲಿ ಕುಳಿತು ಸಿಗರೇಟು ಸೇದುತ್ತಿದ್ದಳು. ಮಾತಿಲ್ಲ, ಕೆಲಸವಿಲ್ಲ, ಮತ್ತೆ ಮಲಗುವ ಹೊತ್ತು ಯಾವಾಗ ಬರುತ್ತದೆ ಎಂದು ಕಾಯುವುದೇ ದಿನಚರಿ. ಅವಳ ಅಜ್ಜಿ ದಿನವೂ ಬಂದು ಕೇಳುತ್ತಿದ್ದರು: ದಿನಸಿ ತರಲು ಅಂಗಡಿಗೆ ಹೋಗುತ್ತಿದ್ದೇನೆ, ಬರುತ್ತೀಯಾ? ದಿನವೂ ಅವಳು ಒಲ್ಲೆ ಎನ್ನುತ್ತಿದ್ದಳು. ಅಜ್ಜಿ ಒತ್ತಾಯ ಮಾಡಲಿಲ್ಲ, ಕೇಳುವುದನ್ನು ನಿಲ್ಲಿಸಲೂ ಇಲ್ಲ. ಒಂದು ದಿನ, ಇಂಥದ್ದೇ ಎಂದು ಹೇಳಬಹುದಾದ ಕಾರಣವಿಲ್ಲದೆ, ಹುಡುಗಿ ಹೂಂ ಎಂದಳು. ಆದರೆ ಒಂದು ಷರತ್ತು. ಟ್ರಾಲಿ ತಳ್ಳುತ್ತೇನೆ, ಅಷ್ಟೇ.

ಆಕೆ ಪ್ಯಾಟ್ರಿಷಿಯಾ ಡೀಗನ್. ಮುಂದೆ ಮನಃಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದರು. ತೀವ್ರ ಮಾನಸಿಕ ಕಾಯಿಲೆಯಿಂದ ಚೇತರಿಸಿಕೊಳ್ಳುವುದೆಂದರೆ ಒಳಗಿನಿಂದ ಹೇಗಿರುತ್ತದೆ ಎಂದು 1988ರಲ್ಲಿ ಅವರು ಬರೆದ ಲೇಖನವನ್ನು ಈ ಕ್ಷೇತ್ರದವರು ಇಂದಿಗೂ ಓದುತ್ತಾರೆ, ಓದಿಸುತ್ತಾರೆ. ಅವರ ಕಥೆಯನ್ನು ಹೇಳುವಾಗ ಎಲ್ಲರೂ ಡಾಕ್ಟರೇಟಿನ ಕಡೆಗೇ ಬೆರಳು ತೋರಿಸುವುದನ್ನು ಕಂಡಿದ್ದೇನೆ. ನನಗೆ ಮಾತ್ರ ಆ ಟ್ರಾಲಿಯೇ ದೊಡ್ಡದಾಗಿ ಕಾಣುತ್ತದೆ. ‘ಆಘಾತದ ನಂತರದ ಬೆಳವಣಿಗೆ’ ಎಂದು ಮನಃಶಾಸ್ತ್ರ ಯಾವುದನ್ನು ಕರೆಯುತ್ತದೆಯೋ ಅದು ಸೈಕೋಸಿಸ್ ಅನುಭವಿಸಿದವರಲ್ಲಿ ಎಲ್ಲಿಂದ ಶುರುವಾಗುತ್ತದೆ, ಅದಕ್ಕೆ ಏನು ಬೇಕು ಎಂಬುದೆಲ್ಲ ಆ ಪುಟ್ಟ ಪ್ರಸಂಗದಲ್ಲೇ ಇದೆ.

ಮೊದಲು ಸೈಕೋಸಿಸ್ ಎಂದರೇನು ಎಂದು ನೋಡೋಣ. ಜ್ವರದ ಹಾಗೆ ಇದೂ ಒಂದು ಸ್ಥಿತಿಯ ಹೆಸರು. ಹಲವು ಕಾಯಿಲೆಗಳಲ್ಲಿ ಕಾಣಿಸಿಕೊಳ್ಳುತ್ತದೆ. ಸ್ಕಿಜೋಫ್ರೀನಿಯಾದಲ್ಲಿ, ಬೈಪೋಲಾರ್ ಕಾಯಿಲೆ ಉಲ್ಬಣಿಸಿದಾಗ, ಖಿನ್ನತೆ ವಿಪರೀತವಾದಾಗ, ಹೆರಿಗೆಯ ನಂತರ ನಮ್ಮ ಹಿರಿಯರು ಬಾಣಂತಿ ಸನ್ನಿ ಎನ್ನುತ್ತಿದ್ದ ಸ್ಥಿತಿಯಲ್ಲಿ, ಗಾಂಜಾ ಅಥವಾ ಮದ್ಯದ ಪ್ರಭಾವದಲ್ಲಿ. ಯಾರೂ ಇಲ್ಲದಿದ್ದರೂ ಧ್ವನಿ ಕೇಳಿಸುತ್ತದೆ. ಪಕ್ಕದ ಮನೆಯವರು ತನ್ನ ಮೇಲೆ ಕಣ್ಣಿಟ್ಟಿದ್ದಾರೆ, ಟಿವಿಯಲ್ಲಿ ತನ್ನ ಬಗ್ಗೆಯೇ ಹೇಳುತ್ತಿದ್ದಾರೆ ಎಂಬ ನಂಬಿಕೆ ಗಟ್ಟಿಯಾಗುತ್ತದೆ. ಮಾತಿನ ಎಳೆ ತಪ್ಪುತ್ತದೆ. ಇವೆಲ್ಲ ಹೊರಗೆ ಕಾಣುವ ಲಕ್ಷಣಗಳು. ಇದರ ಜೊತೆಗೆ ಮೌನವಾದ ಇನ್ನೊಂದು ಮುಖವಿದೆ: ಉತ್ಸಾಹ ಬತ್ತುವುದು, ಜನರಿಂದ ದೂರ ಸರಿಯುವುದು, ಸ್ನಾನಕ್ಕೂ ಏಳಲಾಗದಿರುವುದು. ಮನೆಯವರು ಇದನ್ನು ಸೋಮಾರಿತನ ಎಂದುಕೊಳ್ಳುತ್ತಾರೆ. ನಿಮ್ಹಾನ್ಸ್ 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಜೀವಮಾನದಲ್ಲಿ ಒಮ್ಮೆಯಾದರೂ ಈ ಬಗೆಯ ಕಾಯಿಲೆಗೆ ಒಳಗಾದವರು ವಯಸ್ಕರಲ್ಲಿ ಶೇಕಡಾ 1.4. ಸಾವಿರ ಜನರಿರುವ ಊರಿನಲ್ಲಿ ಹತ್ತು ಹದಿನಾಲ್ಕು ಮಂದಿ. ನಿಮ್ಮ ಬೀದಿಯಲ್ಲಿ ಯಾರೂ ಇಲ್ಲ ಎನಿಸಿದರೆ, ಅವರು ಇಲ್ಲವೆಂದಲ್ಲ, ಯಾರೂ ಹೇಳುತ್ತಿಲ್ಲವೆಂದು.

ಇನ್ನು ಬೆಳವಣಿಗೆಯ ಸಿದ್ಧಾಂತ. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಷಾರ್ಲಟ್ ಕೇಂದ್ರದಲ್ಲಿದ್ದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕಾಲ್ಹೂನ್ ಎಂಬ ಮನಃಶಾಸ್ತ್ರಜ್ಞರು 1990ರ ದಶಕದಲ್ಲಿ ಒಂದು ಸಂಗತಿಯನ್ನು ಕ್ರಮವಾಗಿ ಅಧ್ಯಯನ ಮಾಡಿದರು. ಮಗುವನ್ನು ಕಳೆದುಕೊಂಡವರು, ದೊಡ್ಡ ಕಾಯಿಲೆಯಿಂದ ಎದ್ದವರು, ಅಪಘಾತದಲ್ಲಿ ಬದುಕುಳಿದವರು ತಮ್ಮ ನೋವಿನ ಜೊತೆಗೇ ಮತ್ತೊಂದು ಮಾತನ್ನೂ ಹೇಳುತ್ತಿದ್ದರು: ಅದಾದ ಮೇಲೆ ನಾನು ಮೊದಲಿನ ಮನುಷ್ಯನಾಗಿ ಉಳಿದಿಲ್ಲ, ಕೆಲವು ವಿಷಯಗಳಲ್ಲಿ ಮೊದಲಿಗಿಂತ ಹೆಚ್ಚು ತಿಳಿದವನಾಗಿದ್ದೇನೆ. 1996ರಲ್ಲಿ ಇವರಿಬ್ಬರು ಇದನ್ನು ಅಳೆಯಲು 21 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ಪ್ರಕಟಿಸಿದರು. ಉತ್ತರಗಳು ಐದು ದಿಕ್ಕಿಗೆ ಹರಡಿಕೊಂಡವು. ಇತರರೊಂದಿಗಿನ ನಂಟು ಆಳವಾಗುವುದು, ಬದುಕಿನಲ್ಲಿ ಹೊಸ ದಾರಿ ಕಾಣುವುದು, ತನ್ನ ಬಲದ ಅರಿವು, ಅಧ್ಯಾತ್ಮದ ಬದಲಾವಣೆ, ಬದುಕಿನ ಸಣ್ಣಪುಟ್ಟದಕ್ಕೂ ಬೆಲೆ ಕೊಡುವ ಗುಣ.

ಅವರು ಕೊಟ್ಟ ಹೋಲಿಕೆ ಭೂಕಂಪದ್ದು. ಜಗತ್ತು ಒಟ್ಟಾರೆ ಸುರಕ್ಷಿತ, ಒಳ್ಳೆಯವರಿಗೆ ಒಳ್ಳೆಯದಾಗುತ್ತದೆ, ನಾಳೆ ಇವತ್ತಿನಂತೆಯೇ ಇರುತ್ತದೆ ಎಂಬ ನಂಬಿಕೆಗಳ ಮನೆಯಲ್ಲಿ ನಾವೆಲ್ಲ ವಾಸಿಸುತ್ತೇವೆ. ಆಘಾತ ಆ ಮನೆಯನ್ನು ಅಲುಗಾಡಿಸಿ ಬೀಳಿಸುತ್ತದೆ. ಬಿದ್ದ ಮೇಲೆ ಮತ್ತೆ ಕಟ್ಟುವಾಗ ಕೆಲವರು ಗಟ್ಟಿ ತಳಪಾಯ ಹಾಕುತ್ತಾರೆ. ಇಲ್ಲೊಂದು ಮುಖ್ಯ ಮಾತನ್ನು ಆ ಇಬ್ಬರೂ ಮತ್ತೆ ಮತ್ತೆ ಹೇಳಿದ್ದಾರೆ. ಬೆಳೆಸುವುದು ಭೂಕಂಪವಲ್ಲ, ಆಮೇಲೆ ನಡೆಯುವ ಒದ್ದಾಟ. ಒಳಿತು ಕಂಡಿತೆಂದು ನೋವು ಹೋಗಿರಬೇಕಿಲ್ಲ. ಎರಡೂ ಒಂದೇ ಎದೆಯಲ್ಲಿ ಇರಬಲ್ಲವು.

ಈ ಸಿದ್ಧಾಂತವನ್ನು ಸೈಕೋಸಿಸ್‌ಗೆ ತಂದಾಗ ಎರಡು ತೊಡಕುಗಳು ಎದುರಾಗುತ್ತವೆ. ಒಂದು, ಇಲ್ಲಿ ಆಘಾತ ಯಾವುದು ಎಂಬ ಪ್ರಶ್ನೆ. ಪೆಟ್ಟು ಒಂದೇ ಕಡೆಯಿಂದ ಬಿದ್ದಿರುವುದಿಲ್ಲ.

ಬಹಳ ಜನರಿಗೆ ಮೊದಲ ಪೆಟ್ಟು ಕಾಯಿಲೆಗಿಂತ ಎಷ್ಟೋ ಮೊದಲೇ ಬಿದ್ದಿರುತ್ತದೆ. ಬಾಲ್ಯದ ಸಂಕಟಗಳಿಗೂ ಸೈಕೋಸಿಸ್‌ಗೂ ಇರುವ ನಂಟಿನ ಕುರಿತ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದ ವಿಶ್ಲೇಷಣೆಯೊಂದು 2012ರಲ್ಲಿ ಪ್ರಕಟವಾಯಿತು. ಲೈಂಗಿಕ ದೌರ್ಜನ್ಯ, ಹೊಡೆತ, ನಿರ್ಲಕ್ಷ್ಯ, ತಂದೆ ಅಥವಾ ತಾಯಿಯ ಸಾವು, ಸಹಪಾಠಿಗಳ ಕಾಟ ಇಂಥವನ್ನು ಅನುಭವಿಸಿದವರಲ್ಲಿ ಮುಂದೆ ಸೈಕೋಸಿಸ್ ಕಾಣಿಸಿಕೊಳ್ಳುವ ಸಾಧ್ಯತೆ ಉಳಿದವರಿಗಿಂತ ಸುಮಾರು 2.8 ಪಟ್ಟು ಹೆಚ್ಚು ಎಂದು ಅದು ತೋರಿಸಿತು. ಹಾಗೆಂದು ಬಾಲ್ಯದ ನೋವೇ ಎಲ್ಲರ ಕಾಯಿಲೆಗೂ ಕಾರಣ ಎಂದು ತಂದೆತಾಯಿಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ಅನ್ಯಾಯ. ವಂಶವಾಹಿ, ಮೆದುಳಿನ ರಸಾಯನ, ಗರ್ಭದಲ್ಲಿದ್ದಾಗಿನ ತೊಂದರೆ, ಬಡತನ, ವಲಸೆ ಎಲ್ಲವೂ ಸೇರಿ ಈ ಕಾಯಿಲೆಯನ್ನು ರೂಪಿಸುತ್ತವೆ.

ಎರಡನೆಯ ಪೆಟ್ಟು ಕಾಯಿಲೆಯೇ. ನಮ್ಮ ವೇದಾಂತಿಗಳು ಮಬ್ಬುಗತ್ತಲಲ್ಲಿ ಹಗ್ಗವನ್ನು ಹಾವೆಂದು ಕಂಡವನ ಉದಾಹರಣೆಯನ್ನು ಕೊಡುತ್ತಾರೆ. ಬೆಳಕು ಬಂದಾಗ ಹಾವು ಹೋಗುತ್ತದೆ, ನಿಜ. ಆದರೆ ಆ ಕ್ಷಣದಲ್ಲಿ ಅವನ ಎದೆ ಹೊಡೆದುಕೊಂಡದ್ದು ಸುಳ್ಳಲ್ಲ, ಬೆವರಿದ್ದು ಸುಳ್ಳಲ್ಲ, ಓಡಿ ಬಿದ್ದು ಮೊಣಕಾಲು ಒಡೆದುಕೊಂಡದ್ದೂ ಸುಳ್ಳಲ್ಲ. ತನ್ನನ್ನು ಕೊಲ್ಲಲು ಜನ ಬರುತ್ತಿದ್ದಾರೆ ಎಂದು ನಂಬಿ ಮೂರು ರಾತ್ರಿ ಬಾಗಿಲಿಗೆ ಬೆನ್ನು ಕೊಟ್ಟು ಕುಳಿತವನು ನಿಜಕ್ಕೂ ಮೂರು ರಾತ್ರಿ ಸಾವಿನ ಎದುರು ಕುಳಿತಿದ್ದಾನೆ. ‘ಅದೆಲ್ಲ ಭ್ರಮೆ, ಮರೆತುಬಿಡು’ ಎಂದು ನಾವು ಸಮಾಧಾನ ಹೇಳುವಾಗ, ಹಾವು ಇರಲಿಲ್ಲ ಎಂಬುದನ್ನಷ್ಟೇ ಹೇಳಿರುತ್ತೇವೆ. ಒಡೆದ ಮೊಣಕಾಲನ್ನು ನೋಡಿರುವುದಿಲ್ಲ. ಮೊದಲ ಬಾರಿ ಸೈಕೋಸಿಸ್‌ಗೆ ಒಳಗಾದವರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ, ಆ ಅನುಭವ ಮತ್ತು ಅದರ ಚಿಕಿತ್ಸೆಯ ಕಾರಣದಿಂದಲೇ, ಯುದ್ಧದಿಂದ ಮರಳಿದ ಸೈನಿಕರಲ್ಲಿ ಕಾಣುವಂಥ ಆಘಾತದ ಕಾಯಿಲೆ ಉಂಟಾಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

ಮೂರನೆಯದು, ನಾವು ಕೊಡುವ ಪೆಟ್ಟು. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಇದೊಂದೇ ಪೂರ್ತಿ ನಮ್ಮ ಕೈಯಲ್ಲಿರುವುದು. ಕೈಕಾಲು ಕಟ್ಟಿ ಜೀಪಿನಲ್ಲಿ ಹಾಕಿಕೊಂಡು ಹೋಗುವುದು. ನಾಲ್ಕು ಜನ ಹಿಡಿದು ಇಂಜೆಕ್ಷನ್ ಕೊಡುವುದು. ಗಾಳಿ ಬಿಡಿಸುತ್ತೇವೆಂದು ಬೇವಿನ ಸೊಪ್ಪಿನಲ್ಲಿ ಬಡಿಯುವುದು. ತಮಿಳುನಾಡಿನ ಏರ್ವಾಡಿಯಲ್ಲಿ ಮಾನಸಿಕ ರೋಗಿಗಳನ್ನು ಇರಿಸಿಕೊಳ್ಳುತ್ತಿದ್ದ ಆಶ್ರಯಮನೆಯೊಂದಕ್ಕೆ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ, ಸರಪಳಿಯಲ್ಲಿ ಬಂಧಿಸಿಟ್ಟಿದ್ದ ಕಾರಣ ಓಡಲಾಗದೆ 28 ಮಂದಿ ಮಾನಸಿಕ ರೋಗಿಗಳು ಸತ್ತರು. ಇವು ಎಲ್ಲರಿಗೂ ಕಾಣುವ ಕ್ರೌರ್ಯಗಳು. ಕಾಣದವೂ ಇವೆ, ಅವುಗಳಲ್ಲಿ ಎಷ್ಟೋ ಪ್ರೀತಿಯಿಂದಲೇ ಹುಟ್ಟಿದವು.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಮಗ ಮಾತ್ರೆ ನುಂಗಲು ಒಪ್ಪುತ್ತಿಲ್ಲ. ತಾಯಿ ಅಡುಗೆಮನೆಯ ಕಟ್ಟೆಯ ಮೇಲೆ ಮಾತ್ರೆಯನ್ನಿಟ್ಟು ಚಮಚದ ಬೆನ್ನಿನಿಂದ ಅರೆಯುತ್ತಾರೆ. ಪುಡಿಯನ್ನು ಸಾರಿಗೆ ಹಾಕಿದರೆ ಕಹಿ ಗೊತ್ತಾಗುತ್ತದೆ ಎಂದು ಮೊಸರನ್ನಕ್ಕೆ ಕಲಸಿ, ಮೇಲೊಂದಿಷ್ಟು ಒಗ್ಗರಣೆ ಹಾಕುತ್ತಾರೆ. ನಮ್ಮಲ್ಲಿ ಇದು ಅಪರೂಪವೇನಲ್ಲ, ಮನೋವೈದ್ಯರಿಗೆಲ್ಲ ಗೊತ್ತಿರುವ ಸಂಗತಿ. ಆ ತಾಯಿಗೆ ಬೇರೆ ದಾರಿ ಯಾರೂ ತೋರಿಸಿರುವುದಿಲ್ಲ. ಆದರೆ ಮಗನ ಭಯ ಏನು? ಊಟದಲ್ಲಿ ಯಾರೋ ಏನನ್ನೋ ಬೆರೆಸುತ್ತಿದ್ದಾರೆ ಎಂಬುದು. ಒಂದು ದಿನ ತಟ್ಟೆಯ ತಳದಲ್ಲಿ ಕರಗದ ಬಿಳಿ ಚೂರು ಸಿಗುತ್ತದೆ. ಅಲ್ಲಿಗೆ ಅವನ ಭ್ರಮೆ ನಿಜವಾಯಿತು. ಬೆರೆಸಿದ್ದು ವಿಷವಲ್ಲ, ಔಷಧ. ಆದರೆ ಅವನ ಪಾಲಿಗೆ ಕಳೆದುಹೋದದ್ದು ಅಮ್ಮನ ಕೈಯೂಟದ ಮೇಲಿದ್ದ ಕೊನೆಯ ನಂಬಿಕೆ. ಕಾಯಿಲೆ ಇಳಿದ ಎಷ್ಟೋ ವರ್ಷಗಳ ಮೇಲೂ ಅಂಥ ಮಗ ತಟ್ಟೆಯ ಮುಂದೆ ಒಂದು ಕ್ಷಣ ತಡೆಯಬಹುದು. ಅದು ರೋಗಲಕ್ಷಣವಲ್ಲ, ಗಾಯದ ಕಲೆ.

ಎರಡನೆಯ ತೊಡಕು ಇನ್ನೂ ಆಳದ್ದು. ಭೂಕಂಪದ ಹೋಲಿಕೆಯಲ್ಲಿ ಮನೆ ಬೀಳುತ್ತದೆ, ಆದರೆ ಅವಶೇಷಗಳ ನಡುವೆ ನಿಂತು ಯಾವ ಗೋಡೆ ಉಳಿದಿದೆ, ಯಾವುದನ್ನು ಕೆಡವಬೇಕು ಎಂದು ನೋಡುವ ಎಂಜಿನಿಯರ್ ಗಟ್ಟಿಯಾಗಿರುತ್ತಾನೆ. ಆ ಎಂಜಿನಿಯರ್ ನಮ್ಮ ಮನಸ್ಸು. ಸೈಕೋಸಿಸ್‌ನಲ್ಲಿ ಮನೆಯ ಜೊತೆಗೆ ಎಂಜಿನಿಯರನೂ ಅಲುಗಾಡಿರುತ್ತಾನೆ. ಜಗತ್ತು ಮೋಸ ಮಾಡಿದರೆ ಮನಸ್ಸಿನ ಮೊರೆ ಹೋಗಬಹುದು. ಮನಸ್ಸೇ ಮೋಸ ಮಾಡಿದ ಮೇಲೆ ಯಾರ ಮೊರೆ ಹೋಗುವುದು? ಈಗ ಅನಿಸುತ್ತಿರುವುದು ಸರಿಯೇ, ಅಥವಾ ಮತ್ತೆ ಶುರುವಾಯಿತೇ ಎಂಬ ಅನುಮಾನ ಪ್ರತಿ ಸಂತೋಷಕ್ಕೂ ಪ್ರತಿ ಸಿಟ್ಟಿಗೂ ಅಂಟಿಕೊಂಡಿರುತ್ತದೆ. ಮನೆಯವರೂ ಅದೇ ಕಣ್ಣಿನಿಂದ ನೋಡುತ್ತಾರೆ. ಜೋರಾಗಿ ನಕ್ಕರೆ ಮಾತ್ರೆ ತಗೊಂಡಿದ್ದೀಯಾ ಎಂಬ ಪ್ರಶ್ನೆ.

ಈ ಕಾರಣಕ್ಕೆ ಸೈಕೋಸಿಸ್ ನಂತರದ ಬೆಳವಣಿಗೆಯ ಮೊದಲ ಹೆಜ್ಜೆ ‘ಬದುಕಿನ ಅರ್ಥ ಹುಡುಕುವುದು’ ಎಂಬ ದೊಡ್ಡ ಕೆಲಸವಾಗಿರಲು ಸಾಧ್ಯವಿಲ್ಲ. ತನ್ನ ಮನಸ್ಸಿನೊಂದಿಗೆ ಮತ್ತೆ ಮಾತುಕತೆ ಶುರುಮಾಡುವುದೇ ಮೊದಲ ಹೆಜ್ಜೆ. ಎರಡು ರಾತ್ರಿ ನಿದ್ದೆಗೆಟ್ಟರೆ ಧ್ವನಿಗಳು ಹೆಚ್ಚುತ್ತವೆ ಎಂದು ಗಮನಿಸುವುದು. ಬಸ್ಸಿನಲ್ಲಿ ಇಬ್ಬರು ನಕ್ಕಾಗ ನನ್ನನ್ನೇ ನೋಡಿ ನಕ್ಕರು ಎನಿಸಿದರೆ, ಅನಿಸಿಕೆ ಬಂದಿತು ಎಂದು ಗುರುತಿಸಿ ಮುಂದಿನ ನಿಲ್ದಾಣದವರೆಗೆ ಕಾಯುವುದು. ನಂಬುವ ಒಬ್ಬರನ್ನು ಕೇಳಿ ಖಚಿತಪಡಿಸಿಕೊಳ್ಳುವುದು. ತನ್ನ ಯೋಚನೆಯನ್ನು ಹೀಗೆ ಪಕ್ಕಕ್ಕಿಟ್ಟು ನೋಡುವ ಅಭ್ಯಾಸ ಆರೋಗ್ಯವಂತರು ಎನಿಸಿಕೊಂಡ ನಮ್ಮಲ್ಲೇ ಎಷ್ಟು ಜನರಿಗಿದೆ? ಈ ಕಾಯಿಲೆಯನ್ನು ದಾಟಿಬಂದವರಲ್ಲಿ ಕೆಲವರಿಗೆ ಇರುವ ಈ ವಿವೇಕ ನನ್ನಲ್ಲಿ ಗೌರವ ಹುಟ್ಟಿಸುತ್ತದೆ.

ಕಾಯಿಲೆ ಇಳಿದ ಮೇಲೆ ಜನ ಅದನ್ನು ಏನು ಮಾಡುತ್ತಾರೆ ಎಂಬುದನ್ನು ಅಮೆರಿಕದ ಥಾಮಸ್ ಮೆಕ್‌ಗ್ಲಾಷನ್ ಮತ್ತು ಸಂಗಡಿಗರು 1975ರಲ್ಲೇ ವಿವರಿಸಿದ್ದರು. ಕೆಲವರು ಅದನ್ನು ಮುಚ್ಚಿಹಾಕುತ್ತಾರೆ: ಏನೋ ಆಯಿತು, ಮುಗಿಯಿತು, ಆ ಮಾತು ಬೇಡ. ಕೆಲವರು ಅದನ್ನು ಬದುಕಿನೊಳಗೆ ಜೋಡಿಸಿಕೊಳ್ಳುತ್ತಾರೆ: ಅದು ಯಾಕೆ ಬಂತು, ನನ್ನ ಬಗ್ಗೆ ಏನು ಹೇಳಿತು? ನಮ್ಮ ಕುಟುಂಬಗಳು ಬಹುಪಾಲು ಮೊದಲನೆಯದನ್ನೇ ಕಲಿಸುತ್ತವೆ. ತಂಗಿಯ ಮದುವೆ ಆಗಬೇಕು, ಬೀಗರ ಕಿವಿಗೆ ಬೀಳಬಾರದು. ಫೈಲು ಅಟ್ಟ ಸೇರುತ್ತದೆ, ಔಷಧದ ಚೀಟಿ ಪಕ್ಕದೂರಿನ ಅಂಗಡಿಗೆ ಹೋಗುತ್ತದೆ. ಗಾಯ ಹಸಿಯಿರುವಾಗ ಮುಚ್ಚಿಡುವುದರಿಂದ ರಕ್ಷಣೆಯೂ ಸಿಗುತ್ತದೆ, ಅದನ್ನು ಅಲ್ಲಗಳೆಯಬಾರದು. ಎಲ್ಲರೂ ಎಲ್ಲವನ್ನೂ ಕೆದಕಲೇಬೇಕು ಎಂಬ ನಿಯಮವಿಲ್ಲ. ಆದರೆ ಬದುಕಿಡೀ ಮುಚ್ಚಿಟ್ಟ ಅನುಭವದಿಂದ ಏನೂ ಬೆಳೆಯುವುದಿಲ್ಲ. ಇಂಗ್ಲೆಂಡಿನಲ್ಲಿ ಮೊದಲ ಸೈಕೋಸಿಸ್‌ನಿಂದ ಚೇತರಿಸಿಕೊಳ್ಳುತ್ತಿದ್ದವರ ಕುರಿತು 2012ರಲ್ಲಿ ಪ್ರಕಟವಾದ ಸಣ್ಣ ಅಧ್ಯಯನವೊಂದು, ತಮ್ಮ ಅನುಭವವನ್ನು ಇತರರೊಂದಿಗೆ ಹೇಳಿಕೊಂಡವರಲ್ಲಿ ಬೆಳವಣಿಗೆ ಹೆಚ್ಚು ಎಂದು ಕಂಡಿತು. ಹೇಳಿಕೊಳ್ಳಬೇಕಾದರೆ ಕೇಳುವವರು ಬೇಕಲ್ಲವೇ?

ಹಾಗಾದರೆ ಇಂಥ ಬೆಳವಣಿಗೆ ನಿಜಕ್ಕೂ ಕಾಣುತ್ತದೆಯೇ? ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿದ್ದ ಜೆರಾಲ್ಡ್ ಜೋರ್ಡನ್ ಮತ್ತು ಸಂಗಡಿಗರು ಮೊದಲ ಸೈಕೋಸಿಸ್ ನಂತರದ ಒಳ್ಳೆಯ ಬದಲಾವಣೆಗಳ ಬಗ್ಗೆ ನಡೆದಿದ್ದ ಸಂಶೋಧನೆಗಳನ್ನು ಒಟ್ಟುಗೂಡಿಸಿದ್ದಾರೆ. ತನ್ನ ಬಗ್ಗೆ ಸ್ಪಷ್ಟತೆ, ಕುಟುಂಬದೊಂದಿಗೆ ಹೆಚ್ಚಿದ ಆಪ್ತತೆ, ಇತರರ ಸಂಕಟಕ್ಕೆ ಮಿಡಿಯುವ ಗುಣ, ಆರೋಗ್ಯದ ಕಾಳಜಿ, ದೇವರ ಜೊತೆಗಿನ ಸಂಬಂಧದಲ್ಲಿ ಬದಲಾವಣೆ ಇಂಥವನ್ನು ಜನ ಹೇಳಿಕೊಂಡಿದ್ದಾರೆ. ಇಸ್ರೇಲ್‌ನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದರ ಫಲಿತಾಂಶ ನನಗೆ ಬಹಳ ಮುಖ್ಯ ಎನಿಸುತ್ತದೆ. ಧ್ವನಿ ಕೇಳುವುದು, ಅನುಮಾನ ಬರುವುದು ಬೆಳವಣಿಗೆಗೆ ಅಡ್ಡಿಯಾಗಿ ಕಾಣಲಿಲ್ಲ. ಅಡ್ಡಿಯಾಗಿದ್ದು ಆ ಮೌನದ ಮುಖ, ಎಂದರೆ ಉತ್ಸಾಹ ಬತ್ತಿ ಜನರಿಂದ ದೂರ ಸರಿಯುವುದು. ನಾನು ನಿಭಾಯಿಸಬಲ್ಲೆ ಎಂಬ ಭರವಸೆ ಮತ್ತು ನಡೆದದ್ದಕ್ಕೆ ಒಂದು ಅರ್ಥ ಕಟ್ಟಿಕೊಳ್ಳುವ ಶಕ್ತಿ ಇವುಗಳನ್ನು ಕುಗ್ಗಿಸುವ ಮೂಲಕವೇ ಆ ಮೌನ ಬೆಳವಣಿಗೆಯನ್ನು ತಡೆಯುತ್ತಿತ್ತು. ನಾವು ಮನೆಯಲ್ಲಿ ಲೆಕ್ಕ ಹಾಕುವುದು ಇದಕ್ಕೆ ತಿರುವುಮುರುವಾಗಿ. ಗದ್ದಲ ನಿಂತರೆ ಗುಣವಾಯಿತು ಎನ್ನುತ್ತೇವೆ. ಮೂಲೆಯಲ್ಲಿ ಸುಮ್ಮನೆ ಕುಳಿತವನು ಯಾರಿಗೂ ತೊಂದರೆ ಕೊಡುತ್ತಿಲ್ಲವಾದ್ದರಿಂದ ಅವನನ್ನು ಹಾಗೆಯೇ ಬಿಟ್ಟುಬಿಡುತ್ತೇವೆ. ಡೀಗನ್ ಅವರ ಅಜ್ಜಿ ಹಾಗೆ ಬಿಡಲಿಲ್ಲ.

ಧ್ವನಿಗಳ ವಿಷಯ ಬಂದಾಗ ನೆದರ್‌ಲ್ಯಾಂಡ್ಸ್‌ನ ಒಂದು ಘಟನೆಯನ್ನು ಹೇಳಲೇಬೇಕು. ಮಾಸ್ಟ್ರಿಕ್ಟ್‌ನ ಮನೋವೈದ್ಯ ಮಾರಿಯಸ್ ರೋಮ್ ಅವರ ಬಳಿ ಪ್ಯಾಟ್ಸಿ ಹಾಗೆ (Patsy Hage) ಎಂಬ ಮಹಿಳೆ ಚಿಕಿತ್ಸೆ ಪಡೆಯುತ್ತಿದ್ದರು. ಮಾತ್ರೆಯಿಂದ ಧ್ವನಿ ನಿಂತಿರಲಿಲ್ಲ. ಧ್ವನಿಯನ್ನು ರೋಗದ ಗುರುತಾಗಿ ಮಾತ್ರ ನೋಡದೆ, ಅದು ಏನು ಹೇಳುತ್ತದೆ ಎಂಬುದನ್ನು ಕೇಳಿ ಎಂದು ಆಕೆ ವೈದ್ಯರನ್ನೇ ಒಪ್ಪಿಸಿದರು. 1987ರಲ್ಲಿ ಇಬ್ಬರೂ ಟಿವಿ ಕಾರ್ಯಕ್ರಮವೊಂದರಲ್ಲಿ ಕಾಣಿಸಿಕೊಂಡು, ಧ್ವನಿ ಕೇಳುವವರು ತಮ್ಮನ್ನು ಸಂಪರ್ಕಿಸಿ ಎಂದು ಕೋರಿದರು. ಧ್ವನಿ ಕೇಳುವ ಸುಮಾರು 450 ಜನ ಸಂಪರ್ಕಿಸಿದರು. ಅವರಲ್ಲಿ ಸುಮಾರು 150 ಜನ ಧ್ವನಿಗಳನ್ನು ನಿಭಾಯಿಸಿಕೊಂಡೇ ಬದುಕುತ್ತಿರುವುದಾಗಿ ಹೇಳಿದರು. ರೋಮ್ ಮತ್ತು ಅವರ ಸಹೋದ್ಯೋಗಿ ಸಾಂಡ್ರಾ ಎಷರ್ ಇದರ ಬೆನ್ನುಹತ್ತಿದರು. ಧ್ವನಿ ಕೇಳುವವರೇ ವೃತ್ತಾಕಾರದಲ್ಲಿ ಕುಳಿತು ಮಾತಾಡುವ ಗುಂಪುಗಳು ಅಲ್ಲಿಂದ ಹಲವು ದೇಶಗಳಿಗೆ ಹರಡಿದವು.

ಧ್ವನಿ ಏನು ಹೇಳುತ್ತದೆ ಎಂಬುದು ಊರಿನಿಂದ ಊರಿಗೆ ಬದಲಾಗುತ್ತದೆ. ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್ಮನ್ ಮತ್ತು ಸಂಗಡಿಗರು ಅಮೆರಿಕದ ಸ್ಯಾನ್ ಮಟೇಯೊ, ಘಾನಾದ ಅಕ್ರಾ, ನಮ್ಮ ಚೆನ್ನೈಗಳಲ್ಲಿ ತಲಾ 20 ಜನರನ್ನು ಮಾತನಾಡಿಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಅಮೆರಿಕದವರಿಗೆ ಧ್ವನಿಗಳು ಹೆಚ್ಚಾಗಿ ಅಪರಿಚಿತರ ದಾಳಿಯಂತೆ, ಹಿಂಸೆಯ ಮಾತಾಗಿ ಕೇಳುತ್ತಿದ್ದವು. ಚೆನ್ನೈಯಲ್ಲಿ ಅರ್ಧಕ್ಕಿಂತ ಹೆಚ್ಚು ಜನರಿಗೆ ಅವು ಬಂಧುಗಳ ಧ್ವನಿಗಳು: ಬೈಯುತ್ತವೆ, ಸ್ನಾನ ಮಾಡು ಎನ್ನುತ್ತವೆ, ಅಡುಗೆಗೆ ಹೊತ್ತಾಯಿತು ಎನ್ನುತ್ತವೆ. ಬೈಗುಳವೂ ಸಂಬಂಧದೊಳಗಿನ ಬೈಗುಳವಾದಾಗ ಅದರೊಡನೆ ಮಾತಾಡುವ ದಾರಿ ತೆರೆದಿರುತ್ತದೆ. ಅಧ್ಯಯನದ ಚೆನ್ನೈ ಭಾಗ ನಡೆದದ್ದು ಸ್ಕಿಜೋಫ್ರೀನಿಯಾ ಇರುವವರಿಗಾಗಿ ಕೆಲಸ ಮಾಡುವ ಅಲ್ಲಿನ ಸ್ಕಾರ್ಫ್ ಸಂಸ್ಥೆಯ ಜೊತೆಗೂಡಿ. ಅದನ್ನು 1984ರಲ್ಲಿ ಕಟ್ಟಿದವರು ಮಂಗಳೂರಿನಲ್ಲಿ ಹುಟ್ಟಿ, ಭಾರತದ ಮೊದಲ ಮನೋವೈದ್ಯೆ ಎನಿಸಿಕೊಂಡ ಡಾ. ಎಂ. ಶಾರದಾ ಮೆನನ್. ಬೆಂಗಳೂರಿನಲ್ಲಿ ಮನೋವೈದ್ಯಶಾಸ್ತ್ರ ಕಲಿತ ಅವರು, ಔಷಧ ಕೊಟ್ಟರೆ ಕೆಲಸ ಮುಗಿಯದು, ರೋಗಿಗೆ ಕೆಲಸ ಬೇಕು, ಬಳಗ ಬೇಕು ಎಂಬ ಹಾದಿಯಲ್ಲಿ ಕೊನೆಯವರೆಗೂ ನಡೆದರು.

ಇಷ್ಟು ಹೇಳಿದ ಮೇಲೆ ಎಚ್ಚರಿಕೆಯ ಮಾತನ್ನೂ ಹೇಳಬೇಕು. ಬೆಳೆದಿದ್ದೇನೆ ಎಂದು ಅನಿಸುವುದು ಬೇರೆ, ಬೆಳೆದಿರುವುದು ಬೇರೆ. ಅಮೆರಿಕದ ಪೆಟ್ರೀಷಿಯಾ ಫ್ರೇಜಿಯರ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳನ್ನು ಆಘಾತದ ಮೊದಲೂ ನಂತರವೂ ಅಳೆದು ನೋಡಿದಾಗ, ತಾವು ಬೆಳೆದೆವು ಎಂದು ಅವರು ಹೇಳಿಕೊಂಡದ್ದಕ್ಕೂ ಅಳತೆಯಲ್ಲಿ ಕಂಡ ಬದಲಾವಣೆಗೂ ಹೆಚ್ಚಿನ ತಾಳೆ ಇರಲಿಲ್ಲ. ಆಂಡ್ರಿಯಾಸ್ ಮೆರ್ಕರ್ ಮತ್ತು ತಾನ್ಯಾ ತ್ಸೋಲ್ನರ್ 2004ರಲ್ಲಿ ಇದಕ್ಕೆ ಎರಡು ಮುಖಗಳಿವೆ ಎಂದಿದ್ದರು: ಒಂದು ನಿಜವಾದ ಬದಲಾವಣೆ, ಇನ್ನೊಂದು ನೋವನ್ನು ತಾಳಿಕೊಳ್ಳಲು ಮನಸ್ಸು ತನಗೆ ತಾನೇ ಹೇಳಿಕೊಳ್ಳುವ ಸಾಂತ್ವನ. ಸೈಕೋಸಿಸ್‌ನಲ್ಲಿ ಮೂರನೆಯ ಸಾಧ್ಯತೆಯೂ ಇದೆ. ‘ದೇವರು ನನಗೆ ಹೊಸ ಬದುಕು ಕೊಟ್ಟ’ ಎನ್ನುವುದು ಬೆಳವಣಿಗೆಯಿರಬಹುದು. ‘ದೇವರು ನನ್ನೊಬ್ಬನಿಗೆ ಮಾತ್ರ ಗುಟ್ಟು ಹೇಳುತ್ತಿದ್ದಾನೆ’ ಎನ್ನುವುದು ಕಾಯಿಲೆ ಮರಳುತ್ತಿರುವ ಸೂಚನೆಯಿರಬಹುದು. ಮಾತಿನಲ್ಲಿ ಎರಡೂ ಹತ್ತಿರ ಹತ್ತಿರ. ದೇವರು ಮೈಮೇಲೆ ಬರುವುದನ್ನು ಸಹಜವಾಗಿ ಕಾಣುವ ನಮ್ಮ ಸಮಾಜದಲ್ಲಂತೂ ಗೆರೆ ಎಳೆಯುವುದು ಸುಲಭವಲ್ಲ. ನಾನು ನೋಡುವುದು ಇಷ್ಟನ್ನು: ಆ ನಂಬಿಕೆ ಅವರನ್ನು ಜನರ ಹತ್ತಿರ ತರುತ್ತಿದೆಯೇ, ದೂರ ಒಯ್ಯುತ್ತಿದೆಯೇ? ನಿದ್ದೆ, ಊಟ ಸರಿಯಿದೆಯೇ? ಅದರ ಬಗ್ಗೆ ಬೇರೆಯವರು ಪ್ರಶ್ನೆ ಕೇಳಿದರೆ ತಾಳಿಕೊಳ್ಳುತ್ತಾರೆಯೇ? ನಿದ್ದೆ ಕಡಿಮೆಯಾಗಿ, ಅನುಮಾನ ಹೆಚ್ಚಾಗಿ, ಔಷಧ ಬಿಟ್ಟಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಇನ್ನೊಂದು ಅಪಾಯ ನಮ್ಮ ಮಾತಿನಲ್ಲೇ ಅಡಗಿದೆ. ಉಳಿಪೆಟ್ಟು ಬೀಳದೆ ಶಿಲೆ ಮೂರ್ತಿಯಾಗದು ಎನ್ನುತ್ತೇವೆ. ಪುಟಕ್ಕಿಟ್ಟ ಚಿನ್ನ ಎನ್ನುತ್ತೇವೆ. ಕಲ್ಲಿನ ಮುಂದೆ ಒಬ್ಬ ಶಿಲ್ಪಿ ಇರುತ್ತಾನೆ, ಎಲ್ಲಿ ಹೊಡೆಯಬೇಕು ಎಂದು ಅವನಿಗೆ ಗೊತ್ತಿರುತ್ತದೆ. ಕಾಯಿಲೆಗೆ ಶಿಲ್ಪಿಯಿಲ್ಲ, ದೌರ್ಜನ್ಯಕ್ಕೆ ಶಿಲ್ಪಿಯಿಲ್ಲ, ಸರಪಳಿಗೂ ಇಲ್ಲ. ಈ ಗಾದೆಯನ್ನು ಸಂಕಟದಲ್ಲಿರುವವರ ಮುಂದೆ ಹೇಳಿದರೆ, ಬೆಳೆಯದಿರುವುದು ನಿನ್ನ ತಪ್ಪು ಎಂದು ಹೇಳಿದಂತಾಗುತ್ತದೆ. ಬಹಳ ಜನರಿಗೆ ದೊಡ್ಡ ಬದಲಾವಣೆ ಏನೂ ಆಗುವುದಿಲ್ಲ. ಬೆಳಿಗ್ಗೆ ಎದ್ದು, ಮಾತ್ರೆ ನುಂಗಿ, ದಿನ ಕಳೆಯುವುದೇ ಅವರ ಸಾಧನೆ. ಅದಕ್ಕೆ ಯಾವ ಪ್ರಶ್ನಾವಳಿಯ ಅಂಕವೂ ಬೇಕಿಲ್ಲ. ಬೆಳವಣಿಗೆಯ ಮಾತನ್ನು ಅನುಭವಿಸಿದವರೇ ಮೊದಲು ಆಡಬೇಕು.

ಬೆಳೆಯಲು ನೆಲ ಹದವಾಗಿರಬೇಕು, ಆ ನೆಲದ ಮೊದಲ ಪದರ ಚಿಕಿತ್ಸೆಯೇ. ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ ಮತ್ತು ಸಂಗಡಿಗರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲೂಕಿನಲ್ಲಿ ಸ್ಕಿಜೋಫ್ರೀನಿಯಾ ಇರುವವರನ್ನು ಅವರ ಊರಿನಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಳ ಕಾಲ ಗಮನಿಸಿದರು. ಔಷಧ ಪಡೆದವರಲ್ಲಿ ದಿನನಿತ್ಯದ ಕೆಲಸಗಳ ಸಾಮರ್ಥ್ಯ ಸುಧಾರಿಸಿತು. ಚಿಕಿತ್ಸೆ ಸಿಗದವರು ಇದ್ದಲ್ಲೇ ಉಳಿದರು. ಆಘಾತಕ್ಕೂ ಚಿಕಿತ್ಸೆಯಿದೆ. ಸೈಕೋಸಿಸ್ ಇರುವವರ ಹಳೆಯ ನೋವನ್ನು ಮುಟ್ಟಿದರೆ ಕಾಯಿಲೆ ಕೆರಳುತ್ತದೆ ಎಂದು ವೈದ್ಯರೇ ಹೆದರುತ್ತಿದ್ದ ಕಾಲವಿತ್ತು. ನೆದರ್‌ಲ್ಯಾಂಡ್ಸ್‌ನಲ್ಲಿ 155 ರೋಗಿಗಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಪ್ರಯೋಗ, ತರಬೇತಿ ಪಡೆದ ಚಿಕಿತ್ಸಕರು ಮಾಡಿದರೆ ಹಳೆಯ ಆಘಾತಕ್ಕೆ ಕೊಡುವ ಚಿಕಿತ್ಸೆ ಇವರಲ್ಲೂ ಸುರಕ್ಷಿತ, ಪರಿಣಾಮಕಾರಿ ಎಂದು ತೋರಿಸಿತು. ನಮ್ಮಲ್ಲಿ ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಚಿಕಿತ್ಸಾಲಯಗಳಿವೆ. ಎಲ್ಲಿಂದ ಶುರುಮಾಡಬೇಕು ಎಂದು ತೋಚದವರು 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನಲ್ಲಿ ಕನ್ನಡದಲ್ಲೇ ಮಾತಾಡಬಹುದು.

ಮೊಸರನ್ನದಲ್ಲಿ ಮಾತ್ರೆ ಕಲಸುವ ಆ ತಾಯಿಗೆ ಬೇರೆ ದಾರಿ ಏನಿದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಮಗ ಹುಷಾರಾಗಿರುವ ದಿನಗಳಲ್ಲಿ ಮಾತಾಡುವುದು ಒಂದು ದಾರಿ. ಮಾತ್ರೆ ಯಾಕೆ ಬೇಡ ಎಂದು ಕೇಳಿ, ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳುವುದು. ಮೈ ಭಾರವಾಗುತ್ತದೆ, ಬಾಯಿ ಒಣಗುತ್ತದೆ, ಗಂಡಸುತನ ಹೋಗುತ್ತದೆಂಬ ಭಯ ಎಂದರೆ ಅದನ್ನು ವೈದ್ಯರ ಮುಂದೆ ಅವನ ಪರವಾಗಿ ಹೇಳುವುದು. ಮಾತ್ರೆ ಬದಲಿಸಲು, ಪ್ರಮಾಣ ತಗ್ಗಿಸಲು, ತಿಂಗಳಿಗೊಮ್ಮೆಯ ಇಂಜೆಕ್ಷನ್ ಕೊಡಲು ಎಷ್ಟೋ ಸಲ ಸಾಧ್ಯವಿರುತ್ತದೆ. ಹಿಂದೆ ಕಲಸಿ ಕೊಟ್ಟಿದ್ದರೆ, ಸರಿಯಾದ ಹೊತ್ತು ನೋಡಿ ಒಪ್ಪಿಕೊಳ್ಳುವುದು. ಆ ಕ್ಷಮೆಯ ಮಾತು ಮಗನಿಗೆ ಒಂದು ದೊಡ್ಡ ಸತ್ಯವನ್ನು ಮರಳಿ ಕೊಡುತ್ತದೆ: ಊಟದ ವಿಷಯದಲ್ಲಿ ನಿನಗೆ ಅನಿಸಿದ್ದು ಪೂರ್ತಿ ತಪ್ಪಾಗಿರಲಿಲ್ಲ. ಅಲುಗಾಡಿದ ಎಂಜಿನಿಯರನಿಗೆ ಇದಕ್ಕಿಂತ ದೊಡ್ಡ ಆಸರೆ ಬೇಕೇ?

ನಮ್ಮ ಕಾನೂನೂ ಈ ಮಾತುಕತೆಗೆ ಒಂದು ಕಾಗದವನ್ನು ಒದಗಿಸಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಸರಪಳಿಯಲ್ಲಿ ಬಂಧಿಸುವುದನ್ನು ನಿಷೇಧಿಸಿದೆ. ಅದರ ಜೊತೆಗೆ, ಮುಂದೆ ತನಗೆ ಹುಷಾರು ತಪ್ಪಿದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತನ್ನ ಪರವಾಗಿ ಯಾರು ಮಾತಾಡಬೇಕು ಎಂದು ವಯಸ್ಕರು ಮೊದಲೇ ಬರೆದಿಡುವ ಹಕ್ಕನ್ನೂ ಕೊಟ್ಟಿದೆ. ತುರ್ತು ಚಿಕಿತ್ಸೆಗೆ ಇದು ಅನ್ವಯಿಸುವುದಿಲ್ಲ, ಇದರ ಬಗ್ಗೆ ತಿಳಿದವರೂ ಕಡಿಮೆ. ಆದರೂ, ಕಾಯಿಲೆಯ ಅತ್ಯಂತ ಕೆಟ್ಟ ದಿನಗಳಿಂದ ಕಲಿತದ್ದನ್ನು ಒಬ್ಬ ಮನುಷ್ಯ ತನ್ನ ಮುಂದಿನ ದಿನಗಳ ರಕ್ಷಣೆಗಾಗಿ ತನ್ನ ಕೈಯಾರೆ ಬರೆಯುವುದನ್ನು ಊಹಿಸಿಕೊಳ್ಳಿ. ನಮೂನೆಯಲ್ಲಿ ಕೇಳಿದ್ದನ್ನೆಲ್ಲ ತುಂಬಿದ ಮೇಲೆ, ಹಿಂಬದಿಯಲ್ಲಿ ಮನೆಯವರಿಗಾಗಿ ಇನ್ನೂ ಕೆಲವು ಸಾಲುಗಳನ್ನು ಅವರು ಸೇರಿಸಬಹುದು. ಎರಡು ರಾತ್ರಿ ನಾನು ನಿದ್ದೆ ಮಾಡದಿದ್ದರೆ ಅಣ್ಣನಿಗೆ ಫೋನ್ ಮಾಡಿ. ಆಸ್ಪತ್ರೆಗೆ ಅವನೇ ಕರೆದುಕೊಂಡು ಹೋಗಲಿ. ಟಿವಿ ಆರಿಸಿ. ಊಟವನ್ನು ನನ್ನ ಕಣ್ಣೆದುರೇ ಬಡಿಸಿ, ಅದೇ ಪಾತ್ರೆಯಿಂದ ನೀವೂ ಉಣ್ಣಿ. ಅಂಗಡಿಗೆ ಹೊರಟಾಗ ನನ್ನನ್ನು ಕರೆಯಿರಿ; ಬರುವುದಿಲ್ಲ ಎಂದರೆ ಬೇಜಾರು ಮಾಡಿಕೊಳ್ಳದೆ ಮರುದಿನ ಮತ್ತೆ ಕರೆಯಿರಿ.